ಪಡುವಣಕ್ಕೆ ಇಳಿಜಾರು

"ಮಣ್ಣಿನ ಕೋರ್ಟ್ ಮಾಡ್ಲಿಕ್ಕೆ ನಿನ್ನಿಂದ ಆಗ್ತದಾ?" ಎಂದು ಮ್ಯಾನೇಜರ್ ನನ್ನನ್ನು ಕೇಳಿದ್ದು ರಂಜಾನ್ ಶುರುವಾಗುವುದಕ್ಕೆ ಸ್ವಲ್ಪ ಮೊದಲು. ಆಗುತ್ತದೆ ಎಂದೆ. ಈದ್ ಹೊತ್ತಿಗೆ ಮುಗಿಯುತ್ತದೆ, ಆದರೆ ನಾನು ಹೇಳುವವರೆಗೆ ಯಾರೂ ಅದರ ಮೇಲೆ ಕಾಲಿಡಬಾರದು ಎಂದೆ.

"ಶೇಖ್ ಬಂದ್ರೂ?"

"ಶೇಖ್ ಬಂದ್ರೂ ಸಾಹೇಬ್ರೆ."

"ನಿಂಗೆ ಭಾರೀ ಧೈರ್ಯ ಮಾರಾಯ," ಎಂದರು. ಅವರು ಭಟ್ಕಳದವರು. ಸೌದಿಗೆ ಬಂದು ಬಹಳ ವರ್ಷಗಳಾಗಿದ್ದವು. ನನ್ನಂಥ ಉಳ್ಳಾಲದ ಬ್ಯಾರಿಗಳ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದರು.

ಖಮೀಸ್ ಮುಶೈತ್‌ನ ಹೊರಗೆ, ವಾಯುನೆಲೆಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಎತ್ತರದ ಗೋಡೆಯೊಳಗೆ ಇದ್ದ ವಸತಿ ಆವರಣ ಅದು. ವಿದೇಶಿ ಎಂಜಿನಿಯರರು, ವೈದ್ಯರು ಸಂಸಾರ ಸಮೇತ ಇರುತ್ತಿದ್ದರು. ಅಲ್ಲಿನ ಈಜುಕೊಳ, ಟೆನಿಸ್ ಕೋರ್ಟು, ಆಟದ ಸಾಮಾನು ನನ್ನ ವಶದಲ್ಲಿದ್ದವು. ಆವರಣದ ಮಾಲೀಕ ಒಬ್ಬ ಶೇಖ್. ನಮ್ಮೆಲ್ಲರ ಕಫೀಲ್, ಅಂದರೆ ಜಾಮೀನುದಾರ, ಅವರೇ. ನಮ್ಮ ಇಕಾಮಾ ಎಂಬ ವಾಸದ ಪರವಾನಗಿ, ರಜೆ, ಊರಿಗೆ ಹೋಗುವುದು, ಬರುವುದು ಎಲ್ಲ ಅವರ ಸಹಿಯ ಮೇಲೆ ನಿಂತಿತ್ತು.

ಮಣ್ಣಿನ ಕೋರ್ಟು ಬೇಕಾದದ್ದು ನಮ್ಮ ಕೋಚ್‌ಗಾಗಿ. ಕೋಚ್ ಎಂದರೆ ಅರವತ್ತು ದಾಟಿದ ಒಬ್ಬ ಅಮೆರಿಕನ್. ಯೌವನದಲ್ಲಿ ಇಂಗ್ಲೆಂಡಿನ ಹುಲ್ಲಿನ ಅಂಗಳದಲ್ಲಿ ಜಗತ್ತಿನ ಅತಿ ದೊಡ್ಡ ಪಂದ್ಯಾವಳಿ ಗೆದ್ದವರು. ತಮ್ಮ ದೇಶದ್ದನ್ನೂ ಗೆದ್ದವರು. ನಾನು ಮಂಗಳೂರಿನ ಕ್ಲಬ್ಬಿನಲ್ಲಿ ಚೆಂಡು ಹೆಕ್ಕುತ್ತಿದ್ದ ಕಾಲದಲ್ಲಿ ಅವರ ಫೋಟೋ ಕ್ಲಬ್ಬಿನ ಗೋಡೆಯಲ್ಲಿತ್ತು. ಬಿಳಿ ಪ್ಯಾಂಟು, ಮರದ ರಾಕೆಟ್ಟು, ಗಾಳಿಯಲ್ಲಿ ಎರಡೂ ಕಾಲು. ಈಗ ಅವರ ಎಡ ಮೊಣಕಾಲು ಹೋಗಿತ್ತು. ನಮ್ಮ ಸಿಮೆಂಟ್ ಕೋರ್ಟಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ನಿಂತಲ್ಲಿಂದಲೇ ಹೇಳಿಕೊಡುತ್ತಿದ್ದರು. ಓಡಿದರೆ ಮಾರನೆಯ ದಿನ ಎದ್ದು ನಿಲ್ಲಲು ಆಗುತ್ತಿರಲಿಲ್ಲ.

ಅವರ ಕರಾರು ಈದ್ ಕಳೆದು ಮುಗಿಯುವುದಿತ್ತು. ಶೇಖ್ ಒಂದು ಮಾತು ಹೇಳಿ ಕಳಿಸಿದ್ದರು. ಈದ್ ರಜೆಯಲ್ಲಿ ಅತಿಥಿಗಳನ್ನು ಕರೆದುಕೊಂಡು ಬರುತ್ತೇನೆ, ಚಾಂಪಿಯನ್ ಆಡುವುದನ್ನು ನೋಡಬೇಕು, ನೋಡಿದ ಮೇಲೆ ಕರಾರಿನ ಮಾತು. ಎದುರಾಳಿಯಾಗಿ ವಾಯುನೆಲೆಯ ಒಬ್ಬ ಯುವ ಅಧಿಕಾರಿ. ಅಮೆರಿಕದಲ್ಲಿ ಓದುವಾಗ ಕಾಲೇಜು ತಂಡದಲ್ಲಿ ಆಡಿದವನು.

ಕರಾರು ಹೋದರೆ ಕೋಚ್‌ಗೆ ಹೋಗಲು ಜಾಗವಿರಲಿಲ್ಲ. ಇದನ್ನು ಅವರೇ ಹೇಳಿದರು, ಅಂಗಡಿಯಿಂದ ರೊಟ್ಟಿ ತರಬೇಕು ಎನ್ನುವಷ್ಟೇ ಸಾದಾ ದನಿಯಲ್ಲಿ. ಹೆಂಡತಿ ಬಿಟ್ಟು ಹೋಗಿ ಎಷ್ಟೋ ವರ್ಷ. ಮನೆ ಇಲ್ಲ. "ಸಿಮೆಂಟಿನಲ್ಲಿ ಆಡಿದರೆ ಹತ್ತು ನಿಮಿಷ. ಮಣ್ಣಿನಲ್ಲಾದರೆ ಒಂದು ಗಂಟೆ ನಿಲ್ಲಬಹುದು ಮಾರ್ಕರ್," ಎಂದರು. ಕೋರ್ಟು ನೋಡಿಕೊಳ್ಳುವವನನ್ನು ನಮ್ಮ ಕ್ಲಬ್ಬುಗಳಲ್ಲಿ ಮಾರ್ಕರ್ ಎನ್ನುತ್ತಾರೆ ಎಂದು ನಾನೇ ಅವರಿಗೆ ಹೇಳಿದ್ದೆ. ಅಂದಿನಿಂದ ಹಾಗೆಯೇ ಕರೆಯುತ್ತಿದ್ದರು.

ನನಗೆ ಈ ಕೆಲಸ ಕಲಿಸಿದ್ದು ನನ್ನ ಅಣ್ಣ. ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದ್ದೂ ಅವನೇ. ಅವನು ಕ್ಲಬ್ಬಿನ ಮಾರ್ಕರ್. ಬೆಳಗಿನ ಸುಬಹ್ ನಮಾಜು ಮುಗಿಸಿ ನೇರವಾಗಿ ಕೋರ್ಟಿಗೆ. ನೀರು ಚಿಮುಕಿಸುವುದು, ರೋಲರ್ ಎಳೆಯುವುದು, ಸುಣ್ಣದ ಗೆರೆ, ಬಲೆ. ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅಲ್ಲಲ್ಲಿ ಹಿಮ್ಮಡಿ ಊರಿ ನೋಡುತ್ತಿದ್ದ. ಹಿಮ್ಮಡಿ ಇಳಿಯಬಾರದು, ಧೂಳೂ ಏಳಬಾರದು. ಆಮೇಲೆ ಜೋರಾಗಿ "ಇಳಿಯಿರಿ" ಎನ್ನುತ್ತಿದ್ದ. ಆ ಮಾತು ಬರುವವರೆಗೆ ಯಾರೂ ಕೋರ್ಟಿಗೆ ಇಳಿಯುವಂತಿರಲಿಲ್ಲ. ಜಡ್ಜ್ ಸಾಹೇಬರು ರಾಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯುತ್ತಿದ್ದುದನ್ನು ಕಂಡಿದ್ದೇನೆ. ಅದು ಬರೆದಿಟ್ಟ ನಿಯಮವಲ್ಲ. ಕ್ಲಬ್ಬಿನ ಪದ್ಧತಿ.

ಖಮೀಸ್‌ನಲ್ಲಿ ಮಣ್ಣಿನ ಕೊರತೆ ಇರಲಿಲ್ಲ. ಅಲ್ಲಿನ ಹಳೆಯ ಮನೆಗಳೆಲ್ಲ ಮಣ್ಣಿನವು, ಸಾಲು ಸಾಲು ಮಣ್ಣಿನ ನಡುವೆ ಕಲ್ಲಿನ ಹಲಗೆ ಚಾಚಿಕೊಂಡಿರುವಂಥವು. ಅಂಥ ಮನೆ ಕಟ್ಟುವ ಒಬ್ಬ ಯಮನಿ ಮೇಸ್ತ್ರಿಯನ್ನು ಮ್ಯಾನೇಜರ್ ಹುಡುಕಿ ತಂದರು. ನನಗಿಂತ ಹಿರಿಯ. ಅರಬಿಯ ನಡುವೆ ಹರಕು ಮುರುಕು ಹಿಂದಿ ಸೇರಿಸಿ ಮಾತಾಡುತ್ತಿದ್ದ. ಸಿಮೆಂಟ್ ಕೋರ್ಟಿನ ಆಚೆ, ಪಶ್ಚಿಮದ ಗೋಡೆಗೆ ಹೊಂದಿಕೊಂಡಿದ್ದ ಖಾಲಿ ಜಾಗವನ್ನು ಅಗೆದೆವು. ಕೋರ್ಟಿನ ಉದ್ದ ಉತ್ತರ ದಕ್ಷಿಣಕ್ಕೆ ಇರಬೇಕು, ಇಲ್ಲವಾದರೆ ಆಟಗಾರನ ಕಣ್ಣಿಗೆ ಸೂರ್ಯ. ಅಡಿಯಲ್ಲಿ ಒಡೆದ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಮರಳು. ಪ್ರತಿ ಪದರಕ್ಕೂ ನೀರು, ರೋಲರ್. ರೋಲರ್ ಅಲ್ಲಿ ಸಿಗಲಿಲ್ಲ. ಎಣ್ಣೆಯ ಡ್ರಮ್ಮಿನೊಳಗೆ ಕಬ್ಬಿಣದ ಪೈಪು ನಿಲ್ಲಿಸಿ ಕಾಂಕ್ರೀಟ್ ತುಂಬಿ ಮಾಡಿಕೊಂಡೆವು.

ಮೇಲಿನ ಮಣ್ಣನ್ನು ನಾನು ಅಣ್ಣನ ಅಳತೆಯಲ್ಲೇ ಕಲಸಿದೆ. ಜರಡಿ ಹಿಡಿದ ಜೇಡಿ ಇಷ್ಟು, ಮರಳು ಇಷ್ಟು, ಮೇಲೆ ಸೆಗಣಿ ನೀರಿನ ಸಾರಣೆ. ಒಂದು ಮೂಲೆಯಲ್ಲಿ ಮೊದಲು ಹಾಕಿ ನೋಡಿದೆವು. ಸಂಜೆಯೊಳಗೆ ಬಿರುಕು ಬಿಟ್ಟಿತು, ಬೆರಳು ತೂರುವಷ್ಟು. ಊರಿನಲ್ಲಿ ಸಮುದ್ರದ ಗಾಳಿ ಮಣ್ಣನ್ನು ಒಂದೇ ಸಮನೆ ತೇವವಾಗಿ ಇಟ್ಟಿರುತ್ತದೆ. ಖಮೀಸ್ ಬೆಟ್ಟದ ಮೇಲಿನ ಊರು, ಗಾಳಿ ಒಣ. ಎರಡನೆಯ ಸಲವೂ ಅದೇ ಅಳತೆಯಲ್ಲಿ ಕಲಸಿದೆ. ಮತ್ತೆ ಬಿರುಕು.

ಮೇಸ್ತ್ರಿ ಬಿರುಕಿನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಯಾ ಸದೀಕ್, ಗೆಳೆಯಾ, ಈ ಅಳತೆ ಯಾರು ಹೇಳಿದ್ದು?"

"ನನ್ನ ಅಣ್ಣ."

"ನಿನ್ನ ಅಣ್ಣ ಇಲ್ಲಿಗೆ ಬಂದಿದ್ದಾನಾ?"

"ಇಲ್ಲ."

"ಹಾಗಾದರೆ ಅವನನ್ನು ಬೈಯಬೇಡ. ಹುಲ್ಲು ಹಾಕು."

ಕತ್ತರಿಸಿದ ಗೋಧಿ ಹುಲ್ಲನ್ನು ಮಣ್ಣಿನೊಂದಿಗೆ ಕಲಸಿ, ನೀರು ಹಾಕಿ ಕೊಳೆಸಿ, ದಿನಾ ಕಾಲಲ್ಲಿ ತುಳಿದು ಹದ ಮಾಡುವುದು ಅವರ ಕ್ರಮ. ಮನೆಯ ಗೋಡೆಗೆ ಸರಿ, ಆದರೆ ಹುಲ್ಲಿನ ಕಡ್ಡಿ ಮೇಲೆ ಬಂದರೆ ಚೆಂಡು ಅಡ್ಡಾದಿಡ್ಡಿ ಪುಟಿಯುತ್ತದೆ. ಹುಲ್ಲು ಹಾಕಿದ ಮಣ್ಣು ಕೆಳಗೆ, ಅದರ ಮೇಲೆ ತೆಳ್ಳಗೆ ಜರಡಿ ಮಣ್ಣು, ಕೊನೆಗೆ ಸೆಗಣಿ ಸಾರಣೆ ಎಂದು ಇಬ್ಬರೂ ಒಪ್ಪಿಕೊಂಡೆವು. ಸೆಗಣಿಯನ್ನು ಮೇಸ್ತ್ರಿ ಹತ್ತಿರದ ಹಳ್ಳಿಯಿಂದ ತಂದ. ಆ ಕೆಲಸಕ್ಕೆ ನಾನು ಬೇರೆಯೇ ಒಂದು ಲುಂಗಿ ಇಟ್ಟುಕೊಂಡೆ. ಬಾಂಗು ಕೇಳಿದ ಕೂಡಲೇ ಮಿಂದು ಬಟ್ಟೆ ಬದಲಿಸಿ ನಮಾಜಿಗೆ ಹೋಗಲು ಅದು ಅನುಕೂಲ. ರಂಜಾನಿನ ಉಪವಾಸದಲ್ಲಿ ಸಂಜೆಯ ಅಸರ್ ನಮಾಜಿನ ನಂತರ ಮಾತ್ರ ಭಾರದ ಕೆಲಸ.

ಹದ ಮಾಡಿದ ಮಣ್ಣನ್ನು ಹರಡಬೇಕಾದ ದಿನ ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆದರು. ಒಳಗೆ ಹೋದಾಗ ಕುರ್ಚಿ ತೋರಿಸಿದರು. ಅಲ್ಲಿ ನಾನು ಅದುವರೆಗೆ ಕೂತವನಲ್ಲ.

"ಕೂತ್ಕೋ ಭಾಯ್," ಎಂದರು.

ಯಾರು ಎಂದು ಕೇಳಿದೆ.

"ನಿನ್ನ ಅಣ್ಣ. ಬೆಳಿಗ್ಗೆ. ಎದೆನೋವಂತೆ. ಆಸ್ಪತ್ರೆಗೆ ಮುಟ್ಟಿಸ್ಲಿಕ್ಕೆ ಆಗ್ಲಿಲ್ಲ. ಸಂಜೆ ಮಗ್ರಿಬ್ ಒಳಗೆ ದಫನ್ ಮಾಡ್ತಾರಂತೆ." ಆಮೇಲೆ, "ಪಾಸ್‌ಪೋರ್ಟ್ ನಿನ್ನದು ಇಕಾಮಾ ಹೊಸತು ಮಾಡ್ಲಿಕ್ಕೆ ಜವಾಜಾತ್ ಆಫೀಸಲ್ಲಿ ಉಂಟು. ಇಲ್ಲದಿದ್ರೆ ಕಳಿಸ್ತಿದ್ದೆ, ದೇವರಾಣೆ," ಎಂದರು.

"ಆಯ್ತು ಸಾಹೇಬ್ರೆ," ಎಂದೆ. ಎದ್ದು ಹೊರಗೆ ಬಂದೆ.

ಮಣ್ಣು ಕಲಸಿ ಇಟ್ಟಾಗಿತ್ತು. ಆ ದಿನ ಹರಡದಿದ್ದರೆ ಗಟ್ಟಿಯಾಗಿ ಹಾಳಾಗುತ್ತಿತ್ತು. ಲುಂಗಿ ಬದಲಿಸಿಕೊಂಡು ಹೋದೆ. ದಾರ ಎಳೆದೆ. ಲೆವೆಲ್ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದೆ. ಮಳೆ ಬಂದರೆ ನೀರು ನಿಲ್ಲದೆ ಹರಿದು ಹೋಗಲು ಮಣ್ಣಿನ ಕೋರ್ಟನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಇಳಿಜಾರು ಮಾಡಬೇಕು. ಪೂರ್ತಿ ಅಗಲಕ್ಕೆ ಒಂದು ಗೇಣಿಗಿಂತ ಕಡಿಮೆ, ಕಣ್ಣಿಗೆ ಕಾಣದಷ್ಟು. ಮೂಡು ಬದಿಯ ದಾರವನ್ನು ಎತ್ತರಿಸಿ, ಪಡು ಬದಿಯದನ್ನು ಇಳಿಸಿದೆ. ಮಣ್ಣು ಹರಡಲು ಶುರು ಮಾಡಿದೆ.

ಮೇಸ್ತ್ರಿ ಸಲಿಕೆ ನಿಲ್ಲಿಸಿ ದಾರವನ್ನು ನೋಡಿದ. "ನೀರು ಅತ್ತ ಯಾಕೆ?"

"ಹೀಗೇ ಮಾಡುವುದು," ಎಂದೆ.

ಅವನಿಗೆ ಸುದ್ದಿ ಯಾರೋ ಹೇಳಿದ್ದಿರಬೇಕು. ನನ್ನ ಮುಖ ನೋಡಿ ಮತ್ತೆ ಸಲಿಕೆ ಎತ್ತಿಕೊಂಡ. ಇಫ್ತಾರ್ ಆದ ಮೇಲೆ ಕಾರ್ಮಿಕರ ಮಸೀದಿಯಲ್ಲಿ ಅವನೇ ನಾಲ್ಕು ಜನರನ್ನು ನಿಲ್ಲಿಸಿ, ದೂರದಲ್ಲಿ ತೀರಿಕೊಂಡವರಿಗಾಗಿ ಮಾಡುವ ಮಯ್ಯಿತ್ ನಮಾಜು ಮಾಡಿಸಿದ. ನಾನೂ ನಿಂತೆ. ಅಳು ಬರಲಿಲ್ಲ. ಕೈಗೆ ಮಣ್ಣಿನ ವಾಸನೆ ಇತ್ತು. ಮಾರನೆಯ ದಿನ ಹೇಗಿದ್ದೆ ಎಂದು ಕೇಳಿದರೆ ಏನೂ ನೆನಪಿಲ್ಲ. ಯಾವ ಪದರವನ್ನು ಯಾವಾಗ ಹಾಕಿದೆ ಎಂಬುದು ಮಾತ್ರ ನೆನಪಿದೆ.

ರೋಲರ್ ಎಳೆಯುವ ದಿನಗಳಲ್ಲಿ ಕೋಚ್ ಬಂದರು. ಏನನ್ನೂ ಕೇಳದೆ ಹಿಡಿಯ ಒಂದು ಬದಿ ಹಿಡಿದುಕೊಂಡರು. ಬೇಡ, ಮೊಣಕಾಲು ಎಂದೆ.

"ಮುಂದೆ, ಹಿಂದೆ. ಅದಕ್ಕೆ ತೊಂದರೆ ಇಲ್ಲ," ಎಂದರು. "ಪಕ್ಕಕ್ಕೆ ಹೋದರೆ ಮಾತ್ರ ಇದು ನನ್ನ ಕಾಲಲ್ಲ."

ಎರಡು ಸುತ್ತು ಎಳೆದೆವು. ಆಮೇಲೆ ಅವರು ಮಾತಾಡಿದರು, ನನ್ನ ಕಡೆ ನೋಡದೆ. ದೊಡ್ಡ ಪಂದ್ಯಾವಳಿಗಳನ್ನು ಗೆದ್ದಾಗ ಅವರ ಕೈಗೆ ಬಂದದ್ದು ಒಂದು ಬೆಳ್ಳಿಯ ಬಟ್ಟಲು, ಒಂದು ಹಸ್ತಲಾಘವ. ಆಗಿನ ಕಾಲದಲ್ಲಿ ಹವ್ಯಾಸಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ಹೊಟ್ಟೆಪಾಡಿಗಾಗಿ ಆಡಲು ಒಪ್ಪಿ ಸಹಿ ಹಾಕಿದ ದಿನವೇ ಆ ಅಂಗಳಗಳ ಬಾಗಿಲು ಮುಚ್ಚಿತು. ಗೆದ್ದವರಿಗೆ ಕೊಡುವ ಕ್ಲಬ್ಬಿನ ಸದಸ್ಯತ್ವವನ್ನೂ ವಾಪಸು ತೆಗೆದುಕೊಂಡರು. ಆಮೇಲೆ ನಾಲ್ಕು ಜನ ಆಟಗಾರರು, ಒಂದು ಲಾರಿ, ಲಾರಿಯಲ್ಲಿ ಸುತ್ತಿಟ್ಟ ಒಂದು ಕ್ಯಾನ್ವಾಸ್ ಕೋರ್ಟು. ದಿನಕ್ಕೊಂದು ಊರು. ಸಭಾಂಗಣದಲ್ಲಿ, ದನದ ಸಂತೆಯ ಕೊಟ್ಟಿಗೆಯಲ್ಲಿ, ಹಿಮದ ಮೇಲೆ ಜಾರುವ ಆಟದ ಅಂಗಳದಲ್ಲಿ ಆ ಕ್ಯಾನ್ವಾಸನ್ನು ಹಾಸಿ, ಹಗ್ಗ ಬಿಗಿದು ಆಡುವುದು. ಕೆಳಗೆ ಹಿಮ ಇದ್ದರೆ ಥಂಡಿ ಅಂಗಾಲಿನಿಂದ ಮೇಲೆ ಏರುತ್ತಿತ್ತು.

"ಒಂದು ಊರಲ್ಲಿ ಆಟಕ್ಕೆ ಮೊದಲು ತಂತಿ ಬಂತು. ಅಪ್ಪ ಹೋಗಿದ್ದ," ಎಂದರು. "ಆಡಿದೆ. ಸೋತೆ. ಕ್ಯಾನ್ವಾಸ್ ಸುತ್ತಿ ಲಾರಿಗೆ ಹಾಕಿದೆವು. ಒದ್ದೆಯಾಗಿತ್ತು, ಬಹಳ ಭಾರ. ಅದು ನೆನಪಿದೆ."

"ಊರಿಗೆ ಹೋದಿರಾ?"

"ಮುಂದಿನ ಊರಿಗೆ ಹೋದೆ."

ರೋಲರ್ ಇನ್ನೊಂದು ತುದಿ ಮುಟ್ಟಿತು. ತಿರುಗಿಸಿದೆವು.

"ಆಮೇಲೆ ಯಾವಾಗ ಸರಿಯಾಯಿತು?" ಎಂದು ಕೇಳಿದೆ.

"ಏನು?"

ನಾನು ರೋಲರಿನ ಹಿಡಿಯನ್ನು ಮತ್ತೆ ಎಳೆದೆ. ಎಲ್ಲ ಆಟಗಾರರಿಗೂ ಆ ಅಂಗಳಗಳ ಬಾಗಿಲು ಮತ್ತೆ ತೆರೆದಾಗ ಅವರಿಗೆ ನಲವತ್ತು ದಾಟಿತ್ತಂತೆ. ಹೋಟೆಲುಗಳಲ್ಲಿ ಪಾಠ ಹೇಳಿಕೊಡುತ್ತಾ ಇಲ್ಲಿಗೆ ಬಂದಿದ್ದರು.

ಸೆಗಣಿ ಸಾರಣೆ ಒಣಗಿದ ಮೇಲೆ ಕೋರ್ಟು ಕಡು ಹಸಿರಾಗಿ, ಸಮವಾಗಿ ಕೂತಿತು. ಹಿಮ್ಮಡಿ ಊರಿದೆ. ಇಳಿಯಲಿಲ್ಲ. "ಇಳಿಯಿರಿ" ಎಂದೆ. ಕೋಚ್ ಒಬ್ಬರೇ ಇದ್ದರು. ಆ ಮಾತಿನ ಅರ್ಥ ಕೇಳಿ ತಿಳಿದುಕೊಂಡು ಇಳಿದರು. ನಾನು ಎದುರು ನಿಂತು ಚೆಂಡು ಹಾಕಿದೆ. ಆ ಎತ್ತರದಲ್ಲಿ ಗಾಳಿ ತೆಳು, ಹೊಸ ಚೆಂಡು ಹಾರಿ ಗೆರೆಯ ಆಚೆ ಬೀಳುತ್ತದೆ. ಅದಕ್ಕೆ ಪಂದ್ಯದ ಚೆಂಡಿನ ಡಬ್ಬಿಗಳನ್ನು ನಾನು ಮೊದಲೇ ಒಡೆದು, ಒಳಗಿನ ಒತ್ತಡ ಇಳಿಯಲು ಬಿಟ್ಟಿದ್ದೆ. ಕೋಚ್‌ರ ಹೊಡೆತ ಕತ್ತಿಯಿಂದ ಸೌತೆಕಾಯಿ ಹೆಚ್ಚಿದ ಹಾಗೆ. ಚೆಂಡು ಬಲೆಯನ್ನು ಸವರಿಕೊಂಡು ಬಂದು ನೆಲದಿಂದ ಏಳುತ್ತಲೇ ಇರಲಿಲ್ಲ. ಮುಂದೆ ಓಡಿದರು, ಹಿಂದೆ ಸರಿದರು. ಆದರೆ ನಾನು ಬೇಕೆಂದೇ ಒಂದು ಚೆಂಡನ್ನು ಪಕ್ಕಕ್ಕೆ ಹಾಕಿದಾಗ ಎರಡನೆಯ ಹೆಜ್ಜೆಗೆ ಮೊಣಕಾಲು ಮಡಚಿಕೊಂಡಿತು. ಬಲೆಯ ಕಂಬ ಹಿಡಿದು ನಿಂತರು.

"ಅವನು ಕಾಲೇಜು ಹುಡುಗ. ಮೂರನೆಯ ಚೆಂಡಿಗೇ ಇದನ್ನು ಕಂಡುಹಿಡಿಯುತ್ತಾನೆ," ಎಂದರು.

"ಮಣ್ಣು ಮೆದು ಇದೆ. ಒಂದು ಗಂಟೆ ನಿಲ್ಲಬಹುದು ಅಂದಿರಿ."

"ನಿಲ್ಲಬಹುದು ಅಂದೆ. ಓಡಬಹುದು ಅನ್ನಲಿಲ್ಲ."

ಪಂದ್ಯದ ಹಿಂದಿನ ದಿನ, ಮಧ್ಯಾಹ್ನದ ನಂತರ, ಬೆಟ್ಟದ ಕಡೆಯಿಂದ ಮೋಡ ಬಂತು. ಆ ತಿಂಗಳುಗಳಲ್ಲಿ ಅಲ್ಲಿ ಅದು ಹೊಸತಲ್ಲ. ಮೊದಲು ಆಲಿಕಲ್ಲು, ಆಮೇಲೆ ಮಳೆ. ತಾಡಪತ್ರಿ ಅರ್ಧಕ್ಕೆ ಮಾತ್ರ ಸಾಕಾಯಿತು, ಗಾಳಿ ಅದನ್ನೂ ಎತ್ತಿಕೊಂಡು ಹೋಯಿತು. ನಾನೂ ಮೇಸ್ತ್ರಿಯೂ ಪಂಪ್ ಹೌಸಿನ ಮಾಡಿನ ಕೆಳಗೆ ನಿಂತು ನೋಡಿದೆವು.

ನೀರು ಇಳಿಜಾರಿನಲ್ಲಿ ಸರಿಯಾಗಿ ಹರಿಯಿತು. ಪಡುವಣದ ಗೋಡೆಗೆ ಬಡಿಯಿತು. ಅಲ್ಲಿಂದ ಮುಂದೆ ಹೋಗಲು ದಾರಿ ಇರಲಿಲ್ಲ. ಚರಂಡಿ ಇದ್ದದ್ದು ಮೂಡಣದ ಬದಿಯಲ್ಲಿ. ಗೋಡೆಯ ಬುಡದಿಂದ ನೀರು ಹಿಂದಕ್ಕೆ ಏರುತ್ತಾ ಕೋರ್ಟಿನ ಪಡು ಅರ್ಧವನ್ನು ಮುಚ್ಚಿತು.

ಆಗ ನನಗೆ ತಿಳಿಯಿತು. ನಮ್ಮೂರಿನಲ್ಲಿ ಮನೆಯ ಅಂಗಳ, ಗದ್ದೆಯ ತೋಡು, ಹೊಳೆ, ಮಾಡಿನ ನೀರು, ಏನಿದ್ದರೂ ಪಡುವಣಕ್ಕೆ. ಸಮುದ್ರ ಇರುವುದು ಅಲ್ಲಿ. ಕ್ಲಬ್ಬಿನ ಕೋರ್ಟಿನ ಇಳಿಜಾರೂ ಪಡುವಣಕ್ಕೆ. ಬೇರೆ ದಿಕ್ಕೂ ಇದೆ ಎಂದು ನಾನು ಯೋಚಿಸಿದವನಲ್ಲ. ಖಮೀಸ್‌ನಲ್ಲಿ ಪಡುವಣದ ಕಡೆ ಏರು, ನೀರೆಲ್ಲ ಹರಿಯುವುದು ಮೂಡಣದ ಮರುಭೂಮಿಯ ಕಡೆಗೆ. ಅಲ್ಲಿ ವರ್ಷಗಟ್ಟಲೆ ಇದ್ದು ಅದನ್ನು ನೋಡಿದ್ದೆ. ದಾರ ಕಟ್ಟಿದ ದಿನ ನನ್ನ ಕೈ ಅದನ್ನು ನೋಡಲಿಲ್ಲ.

"ನಾನು ಆವತ್ತೇ ಕೇಳಿದೆ," ಎಂದ ಮೇಸ್ತ್ರಿ.

"ಕೇಳಿದೆ."

"ಆವತ್ತು ನಿನಗೆ ಹೇಳುವ ಹಾಗೆ ಇರಲಿಲ್ಲ."

ಮಳೆ ನಿಂತ ಮೇಲೆ ಗೋಣಿಚೀಲದಿಂದ ನೀರು ಹೀರಿ ಹಿಂಡಿದೆವು. ಗೋಡೆಯ ಬುಡದಲ್ಲಿ ಗುಂಡಿ ತೋಡಿ ಬಕೆಟ್ಟಿನಲ್ಲಿ ಎತ್ತಿ ಹಾಕಿದೆವು. ಒಣ ಜರಡಿ ಮಣ್ಣು ಉದುರಿಸಿದೆವು. ಮೂಡು ಅರ್ಧ ಬೇಗ ಗಟ್ಟಿಯಾಯಿತು. ಪಡು ಅರ್ಧ ಮುದ್ದೆಯ ಹಾಗೇ ಉಳಿಯಿತು.

ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಗೆರೆ ಹಾಕಿದೆ, ಬಲೆ ಕಟ್ಟಿದೆ. ಜಮಖಾನೆ ಹಾಸಿ ಕುರ್ಚಿ ಇಟ್ಟಿದ್ದರು. ಶೇಖ್ ಬಂದರು, ಅತಿಥಿಗಳು ಬಂದರು, ಕಹ್ವಾ ಎಂಬ ಅರಬಿ ಕಾಫಿ ಬಂತು. ಯುವ ಅಧಿಕಾರಿ ಬಿಳಿ ಬಟ್ಟೆಯಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದ. ಮೇಲಿನಿಂದ ನೋಡಿದರೆ ಕೋರ್ಟು ಎಲ್ಲ ಕಡೆ ಒಂದೇ ಬಣ್ಣ, ಒಂದೇ ಸಮ.

ಮ್ಯಾನೇಜರ್ ನನ್ನ ಪಕ್ಕಕ್ಕೆ ಬಂದು ಮೆಲ್ಲ ಕೇಳಿದರು. "ಹೇಗುಂಟು?"

"ಪಡು ಬದಿ ಆಗ್ಲಿಕ್ಕಿಲ್ಲ ಸಾಹೇಬ್ರೆ."

"ಎಂತ ಆಗ್ಲಿಕ್ಕಿಲ್ಲ? ಒಣಗಿದೆಯಲ್ಲ."

"ಮೇಲೆ ಒಣಗಿದ್ದು. ಕಾಲು ಊರಿದ್ರೆ ಇಳೀತದೆ."

"ಮಾರಾಯ, ಮಧ್ಯಾಹ್ನ ಅವರು ರಿಯಾದ್‌ಗೆ ಹೋಗುವವರು. ಈಗ ಆಡದಿದ್ರೆ ಆ ಮುದುಕನ ಕಥೆ ಮುಗೀತು. ಸರಿ ಉಂಟು ಅಂತ ಹೇಳಿಬಿಡು. ಒಂದು ಗಂಟೆ. ಎಂತ ಆಗ್ತದೆ?"

ಕೋಚ್ ಆಚೆ ಬದಿಯಲ್ಲಿ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು. "ಮಾರ್ಕರ್, ನಾನು ಆಡಬೇಕು," ಎಂದರು. ಅಷ್ಟೇ.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಮೂಡು ಬದಿಯಲ್ಲಿ ಅಲ್ಲಲ್ಲಿ ಹಿಮ್ಮಡಿ ಊರಿದೆ. ಗಟ್ಟಿ. ನಡುಗೆರೆ ದಾಟಿ ಪಡು ಬದಿಗೆ ಹೋದೆ. ಊರಿದೆ. ಹಿಮ್ಮಡಿ ಇಳಿಯಿತು, ಗುಂಡಿಯಲ್ಲಿ ತೇವ ಮೇಲೆ ಬಂತು. ಇನ್ನೊಂದು ಕಡೆ ಊರಿದೆ. ಅದೇ. ಒಳ್ಳೆಯ ಕಾಲಿದ್ದವನಿಗೂ ಅಲ್ಲಿ ಜಾರುತ್ತದೆ. ಆ ಮೊಣಕಾಲಿಗೆ ಒಂದೇ ಜಾರು ಸಾಕು. ಸರಿ ಇದೆ ಎಂದರೆ ಅವರ ಕಾಲು ಹೋಗುತ್ತದೆ, ಇಲ್ಲ ಎಂದರೆ ಕೆಲಸ ಹೋಗುತ್ತದೆ. ಈ ಲೆಕ್ಕ ನನ್ನ ತಲೆಯಲ್ಲಿ ಸ್ಪಷ್ಟವಾಗಿತ್ತು. ಎದೆಯಲ್ಲಿ ಏನೂ ಇರಲಿಲ್ಲ. ಅಣ್ಣ ಹೋದ ಸುದ್ದಿ ಬಂದ ದಿನದಿಂದ ಹಾಗೆಯೇ ಇತ್ತು. ಮಾರ್ಕರ್ ಹೇಳಬೇಕಾದದ್ದು ಕೋರ್ಟು ಹೇಗಿದೆ ಎಂದು ಮಾತ್ರ. ಆಡುವವರು ಏನು ಮಾಡಬೇಕೆಂದು ಅಣ್ಣ ಯಾವತ್ತೂ ಹೇಳಿದವನಲ್ಲ.

ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. "ಮೂಡು ಅರ್ಧ ಇಳಿಯಬಹುದು. ಪಡು ಅರ್ಧ ಇಲ್ಲ."

ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು. ಶೇಖ್ ಏನು ಎಂದು ಕೇಳಿದರು. ಮ್ಯಾನೇಜರ್ ಅರಬಿಯಲ್ಲಿ ಹೇಳಲೇಬೇಕಾಯಿತು. ಯುವ ಅಧಿಕಾರಿ ಪಡು ಬದಿಗೆ ಹೋಗಿ ಬೂಟು ಊರಿ ನೋಡಿದ. ಬೂಟು ಕಚ್ಚಿಕೊಂಡಿತು. ಕಿತ್ತುಕೊಂಡು ನಗುತ್ತಾ ವಾಪಸು ಬಂದ. "ವಲ್ಲಾ, ಸರಿಯಾಗಿ ಹೇಳಿದ," ಎಂದ.

ಕೋಚ್ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿನ ನೋಟ ಎಂದು ಮೊದಲು ಅಂದುಕೊಂಡೆ. ಆಮೇಲೆ ಅವರು ಕೋರ್ಟನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

"ಅರ್ಧ," ಎಂದರು. "ಉದ್ದಕ್ಕೆ ಅರ್ಧ?"

"ಹೌದು."

"ನಡುಗೆರೆಯನ್ನು ಎರಡೂ ಕಡೆ ಹಿಂದಿನ ಗೆರೆಯವರೆಗೆ ಎಳೆ."

ಶೇಖ್ ಹತ್ತಿರ ಕುಂಟುತ್ತಾ ಹೋದರು. ಚಾಂಪಿಯನ್ ಆಗಿದ್ದ ಕಾಲದಲ್ಲಿ ಹೇಗೆ ಮಾತಾಡುತ್ತಿದ್ದಿರಬಹುದೋ ಹಾಗೆ ಮಾತಾಡಿದರು. ನಮ್ಮ ಲಾರಿ ಹೋದ ಊರುಗಳಲ್ಲಿ ಎಷ್ಟೋ ಕಡೆ ಮಾಡು ಸೋರುತ್ತಿತ್ತು, ಆಗ ಜನ ಟಿಕೆಟ್ ವಾಪಸು ಕೇಳಬಾರದೆಂದು ಒಣಗಿದ ಅರ್ಧದಲ್ಲೇ ಆಡುತ್ತಿದ್ದೆವು, ಸರ್ವ್ ಇಲ್ಲ, ಕೈಯಿಂದ ಚೆಂಡು ಬಿಟ್ಟು ಶುರು, ಇಪ್ಪತ್ತೊಂದಕ್ಕೆ ಒಂದು ಆಟ, ಇದನ್ನು ಈಗ ಜಗತ್ತಿನಲ್ಲಿ ಯಾರೂ ಆಡುವುದಿಲ್ಲ, ನೀವು ನೋಡಬಹುದು. ಮ್ಯಾನೇಜರ್ ಅನುವಾದ ಮಾಡುತ್ತಾ ಹೋದಂತೆ ಅವರ ದನಿ ಏರಿತು. ಶೇಖ್ ಶುರುಮಾಡಿ ಎಂದು ಕೈ ಬೀಸಿದರು. "ಯಲ್ಲಾ."

ನಾನು ದಾರ ಹಿಡಿದು ಸುಣ್ಣದ ಗೆರೆ ಎಳೆದೆ. ಅಗಲ ಅರ್ಧವಾಯಿತು. ಓಣಿಯ ಹಾಗೆ ಒಂದು ಪಟ್ಟಿ. ಅದರೊಳಗೆ ಪಕ್ಕಕ್ಕೆ ಓಡಲು ಜಾಗವೇ ಇರಲಿಲ್ಲ. ಹೋಗುವುದಿದ್ದರೆ ಮುಂದೆ, ಇಲ್ಲ ಹಿಂದೆ.

ಬಲೆಯ ಕಂಬದ ಪಕ್ಕ ನಿಂತು ಅಂಕ ಕೂಗಿದೆ. ಯುವ ಅಧಿಕಾರಿ ಬಲವಾಗಿ ಹೊಡೆಯುವವನು. ಮೂಲೆಯಿಂದ ಮೂಲೆಗೆ ಹೊಡೆದು ಅಭ್ಯಾಸ. ಇಲ್ಲಿ ಮೂಲೆಗಳು ಗೆರೆಯ ಹೊರಗಿದ್ದವು. ಚೆಂಡುಗಳೂ ಮೆತ್ತಗಾಗಿದ್ದವು. ಕೋಚ್ ನೆಲಕ್ಕೆ ಅಂಟಿಕೊಳ್ಳುವ ಚೆಂಡು ಕೊಟ್ಟು ಅವನನ್ನು ಬಲೆಯ ಹತ್ತಿರ ಬಗ್ಗಿಸುತ್ತಿದ್ದರು. ಮುಂದಿನದನ್ನು ತಲೆಯ ಮೇಲೆ ಹಾರಿಸಿ ಹಿಂದಕ್ಕೆ ಓಡಿಸುತ್ತಿದ್ದರು. ಮತ್ತೆ ಮುಂದೆ, ಮತ್ತೆ ಹಿಂದೆ. ಅತಿಥಿಗಳು ನಗಲು ಶುರು ಮಾಡಿದರು. ಹುಡುಗನೂ ನಕ್ಕ. ಮೊದಲ ಆಟ ಕೋಚ್‌ಗೆ.

ಎರಡನೆಯದರಲ್ಲಿ ಅವನು ಪಾಠ ಕಲಿತಿದ್ದ. ತಾಳ್ಮೆಯಿಂದ ಆಡಿದ. ಇಪ್ಪತ್ತು ಇಪ್ಪತ್ತು ಆಯಿತು. ಕೊನೆಯ ಅಂಕದಲ್ಲಿ ಚೆಂಡು ಕೋಚ್‌ರ ಮುಂದೆ, ಸೊಂಟದ ಎತ್ತರದಲ್ಲಿ, ಮೆಲ್ಲಗೆ ಬಂತು. ನಾನೂ ಹೊಡೆಯಬಹುದಾದ ಚೆಂಡು. ಅದನ್ನು ಅವರು ಬಲೆಗೆ ಹೊಡೆದರು.

ಹುಡುಗ ಕೈ ಎತ್ತಿದ. ಎಲ್ಲರೂ ಎದ್ದು ನಿಂತರು. ಮೂರನೆಯ ಆಟಕ್ಕೆ ಕೋಚ್ ಚೆಂಡು ಕೈಗೆ ತೆಗೆದುಕೊಂಡು ನನ್ನನ್ನು ನೋಡಿದರು. ಅಷ್ಟರಲ್ಲಿ ಮಧ್ಯಾಹ್ನದ ಲುಹರ್ ಬಾಂಗು ಆಯಿತು.

ಚೆಂಡನ್ನು ಜೇಬಿಗೆ ಹಾಕಿಕೊಂಡರು. ಆ ದೇಶದಲ್ಲಿ ಇದ್ದು ಅವರಿಗೆ ನಮಾಜಿನ ಹೊತ್ತು ಗೊತ್ತಿತ್ತು.

ಶೇಖ್ ನಮಾಜಿಗೆ ಹೊರಡುತ್ತಾ ಇಬ್ಬರ ಹೆಗಲ ಮೇಲೂ ಕೈ ಇಟ್ಟರು. "ಮೂರನೆಯದು ಹಜ್ಜಿನ ಈದ್‌ಗೆ," ಎಂದರು. ಮ್ಯಾನೇಜರ್ ಅದನ್ನು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಹಜ್ಜಿನ ಈದ್ ಎಂದರೆ ಬಕ್ರೀದ್, ಎರಡು ತಿಂಗಳ ಆಚೆ. ಅದಕ್ಕೆ ಆಡಬೇಕಾದರೆ ಕೋಚ್ ಇಲ್ಲೇ ಇರಬೇಕು.

ಸಂಜೆ ಬಲೆ ಬಿಚ್ಚುವಾಗ ಕೇಳಿದೆ. "ಕೊನೆಯ ಚೆಂಡು?"

"ಮೊದಲನೆಯದು ಗೆಲ್ಲು, ಎರಡನೆಯದನ್ನು ಊರಿನ ಹುಡುಗನಿಗೆ ಕೊಡು. ಇಲ್ಲದಿದ್ದರೆ ಆ ಊರಿಗೆ ಮತ್ತೆ ಕರೆಯುವುದಿಲ್ಲ," ಎಂದರು. "ಲಾರಿಯಲ್ಲಿ ಕಲಿತದ್ದು ಅದೊಂದೇ." ಆಮೇಲೆ, "ಅರ್ಧ ಮಾತ್ರ ಎಂದು ಹೇಳಿದ್ದು ನನಗಾಗಿಯೇ?" ಎಂದು ಕೇಳಿದರು.

"ಅಲ್ಲ. ಕೋರ್ಟು ಹಾಗಿತ್ತು."

"ಸರಿ," ಎಂದರು. ಆ ಉತ್ತರವೇ ಅವರಿಗೆ ಬೇಕಾಗಿತ್ತೇನೋ.

ಹೊಸ ಇಕಾಮಾ ಬಂದ ಕೂಡಲೇ ಮ್ಯಾನೇಜರ್ ನನ್ನ ಪಾಸ್‌ಪೋರ್ಟನ್ನೂ ಊರಿಗೆ ಹೋಗಿ ಬರುವ ವೀಸಾವನ್ನೂ ಮೇಜಿನ ಮೇಲೆ ಇಟ್ಟರು. ನಾನು ಕೇಳಿರಲಿಲ್ಲ. ಹೋಗಿ ಮಾಡುವುದೇನಿದೆ, ಎಲ್ಲ ಮುಗಿದಿದೆ ಎಂದೆ.

"ಮುದುಕ ದಿನಾ ಬಂದು ತಲೆ ತಿಂತಾನೆ ಮಾರಾಯ. ಹೋಗಿ ಬಾ. ಅವನು ಕೋರ್ಟ್ ನೋಡಿಕೊಳ್ತಾನಂತೆ."

ಹೊರಡುವ ದಿನ ಬೆಳಿಗ್ಗೆ ಕೋಚ್‌ಗೆ ಕೋರ್ಟು ಒಪ್ಪಿಸಿದೆ. ನೀರು ಎಷ್ಟು, ರೋಲರ್ ಯಾವಾಗ, ಎಲ್ಲ ತೋರಿಸಿದೆ. ಅವರು ಬೂಟು, ಕಾಲುಚೀಲ ಬಿಚ್ಚಿಟ್ಟು ಒಳಗೆ ಹೋದರು. ಬಲಗಾಲಿನ ಹಿಮ್ಮಡಿ ಊರುವುದು, ನೋಡುವುದು, ಇನ್ನೊಂದು ಕಡೆ ಊರುವುದು. ಪಡು ಬದಿಯಲ್ಲಿ ಬಹಳ ಹೊತ್ತು ನೋಡಿದರು. ಕೊನೆಗೆ ಖಾಲಿ ಕುರ್ಚಿಗಳ ಕಡೆ ತಿರುಗಿ, 'ಳ' ಹೊರಳದೆ, "ಇಲಿಯಿರಿ" ಎಂದರು.

"ವಾಪಸು ಬಂದ ಮೇಲೆ ಇಳಿಜಾರನ್ನು ಮೂಡಣಕ್ಕೆ ತಿರುಗಿಸುತ್ತೇನೆ," ಎಂದೆ.

"ಹಜ್ಜಿನ ಈದ್ ಆಗಲಿ," ಎಂದರು. "ಅಲ್ಲಿಯವರೆಗೆ ಮುಟ್ಟಬೇಡ. ನನಗೆ ಅರ್ಧವೇ ಸಾಕು."

ಊರಿಗೆ ಮುಟ್ಟಿದಾಗ ಮಳೆಗಾಲ ಶುರುವಾಗಿತ್ತು. ಆ ಬೆಳಿಗ್ಗೆ ಮಾತ್ರ ಹೊಳವಾಗಿತ್ತು. ಅಣ್ಣನ ಮಗ ನನ್ನನ್ನು ಮಸೀದಿಯ ಹಿಂದಿನ ಖಬರಸ್ತಾನಕ್ಕೆ ಕರೆದುಕೊಂಡು ಹೋಗಿ, ಗುರುತು ತೋರಿಸಿ, ಗೇಟಿನ ಹತ್ತಿರ ನಿಂತ. ಫಾತಿಹಾ ಓದಿದೆ. ದುಆ ಮಾಡಿದೆ. ಆಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟಿದ್ದೆ. ಖಬರಿನ ಪಕ್ಕದ ಕಾಲುದಾರಿಯಲ್ಲಿ ಹಿಮ್ಮಡಿ ಊರಿ ನೋಡಿದೆ. ಕೆಂಪು ಮಣ್ಣು. ಸ್ವಲ್ಪ ಇಳಿಯಿತು, ಅಲ್ಲಿಗೆ ನಿಂತಿತು. ಖಬರಿನ ಮೇಲಿನ ಮಣ್ಣು ಕೂತಿತ್ತು. ರಾತ್ರಿ ಸುರಿದ ನೀರು ಅದರ ಸುತ್ತ ಹರಿದು ಸಣ್ಣ ಗೆರೆಗಳನ್ನು ಬಿಟ್ಟುಹೋಗಿತ್ತು. ಬಗ್ಗಿ ನೋಡಿದೆ. ಎಲ್ಲವೂ ಪಡುವಣಕ್ಕೆ ಹೋಗಿದ್ದವು.